ಸೋಲಾರ್ ಇನ್ವರ್ಟರ್ ಲೈನಿಗೆ ಕೂಡಿಕೊಂಡು ಮತ್ತೆ ಮತ್ತೆ ಬಿಟ್ಟರೆ: ಶಿಡ್ಲಘಟ್ಟದ ಒಂದು ಕೇಸು

"ಮೋಡ ಇದ್ದ ದಿನ ಚೆನ್ನಾಗಿ ಕೆಲಸ ಮಾಡುತ್ತೆ ಅಣ್ಣಾ. ಬಿಸಿಲು ಇದ್ದ ದಿನ ಮಲಗಿಬಿಡುತ್ತೆ. ಇದ್ಯಾವ ಸೋಲಾರು?"

ಶಿಡ್ಲಘಟ್ಟದ ಒಬ್ಬ ರೀಲಿಂಗ್ ಯಜಮಾನರು ನನಗೆ ಫೋನಿನಲ್ಲಿ ಹೇಳಿದ ಮಾತು ಇದು. ಮುಂದೆ ಮನೆ, ಹಿಂದೆ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡು. ಶೆಡ್ಡಿನ ಮೇಲೆ 5 ಕಿಲೋವ್ಯಾಟ್ ಸಿಂಗಲ್ ಫೇಸ್ ಸೋಲಾರ್. ಹಾಕಿಸಿ ಎರಡು ತಿಂಗಳಾಗಿತ್ತು. ಬೆಳಿಗ್ಗೆ ಹಸಿರು ದೀಪ, ಹನ್ನೊಂದು ಗಂಟೆಗೆ ಕೆಂಪು ದೀಪ. ಹಾಕಿದವರು ಎರಡು ಸಲ ಬಂದು ಆಫ್ ಮಾಡಿ ಆನ್ ಮಾಡಿ ಹೋಗಿದ್ದರು. "ಇನ್ವರ್ಟರ್ರೇ ಸರಿ ಇಲ್ಲ, ಬದಲಾಯಿಸಿ" ಎಂದು ಇನ್ನೊಬ್ಬರು ಹೇಳಿದ್ದರಂತೆ.

ನಾನು ಈ ಕೆಲಸದಲ್ಲಿ ಕಲಿತದ್ದು ಇಷ್ಟೇ. ಇನ್ವರ್ಟರ್ ಪರದೆ ಮೇಲೆ ಬರುವ ಕೋಡು, ಅದಕ್ಕೆ ಏನು ಕಂಡಿತು ಅನ್ನುವುದನ್ನು ಹೇಳುತ್ತದೆ. ನಿಜವಾಗಿ ಏನಾಯಿತು ಅನ್ನುವುದನ್ನು ಹೇಳುವುದಿಲ್ಲ. ಆ ಎರಡರ ನಡುವಿನ ದಾರಿಯನ್ನು ನಾವೇ ನಡೆಯಬೇಕು. ಈ ಕೇಸಿನಲ್ಲಿ ಆ ದಾರಿಯನ್ನು ಎರಡು ಸಲ ನಡೆಯಬೇಕಾಯಿತು. ಎರಡನೇ ಸಲದ್ದರಲ್ಲಿ ಅರ್ಧ ತಪ್ಪು ನನ್ನದೇ.

ಮೊದಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ನಮ್ಮ ಕಡೆ ಇನ್ವರ್ಟರ್ ಅಂದರೆ ಬ್ಯಾಟರಿ ಇರುವ ಯುಪಿಎಸ್. ಕರೆಂಟು ಹೋದಾಗ ಫ್ಯಾನು ತಿರುಗಿಸುವುದು. ಇಲ್ಲಿ ಹೇಳುತ್ತಿರುವುದು ಅದಲ್ಲ. ಇದು ಬ್ಯಾಟರಿ ಇಲ್ಲದೆ, ಲೈನಿನ ಜೊತೆ ಹೆಜ್ಜೆ ಹಾಕಿ, ಮಿಕ್ಕ ಕರೆಂಟನ್ನು ಲೈನಿಗೇ ಕೊಡುವ ಇನ್ವರ್ಟರ್. ಇವೆರಡನ್ನೂ ಒಂದೇ ಎಂದುಕೊಂಡು, ಸೋಲಾರ್ ವೈರನ್ನು ಯುಪಿಎಸ್‌ನ ಔಟ್‌ಪುಟ್ ಬದಿಗೆ ಸೇರಿಸಿದ ಮನೆಗಳನ್ನೂ ನೋಡಿದ್ದೇನೆ. ಕರೆಂಟು ಹೋದ ತಕ್ಷಣ ಪಾಪ ಆ ಇನ್ವರ್ಟರ್ ಯುಪಿಎಸ್‌ನ ಚೌಕಾಕಾರದ ಅಲೆಗೆ ಹೆಜ್ಜೆ ಹಾಕಲು ಒದ್ದಾಡುತ್ತದೆ. ಯುಪಿಎಸ್ ಸುಟ್ಟುಹೋಗಬಹುದು. ನಿಮ್ಮದು ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಸರಿ ಮಾಡಿಸಿ.

ಬೀಸುವ ಕಲ್ಲು

ಲೈನಿಗೆ ಕೂಡಿಕೊಳ್ಳುವುದು ಅಂದರೇನು? ಹಿಂದೆ ಇಬ್ಬರು ಹೆಂಗಸರು ಎದುರುಬದುರು ಕೂತು, ಒಂದೇ ಗೂಟ ಹಿಡಿದು ರಾಗಿ ಬೀಸುತ್ತಿದ್ದರು. ಕಲ್ಲು ಆಗಲೇ ತಿರುಗುತ್ತಿದೆ, ನೀವು ಎರಡನೆಯವರಾಗಿ ಬಂದು ಕೈ ಹಾಕುತ್ತೀರಿ. ಮೊದಲು ಅದರ ವೇಗ ನೋಡಬೇಕು, ಗೂಟ ಈಗ ಎಲ್ಲಿದೆ ಅಂತ ನೋಡಬೇಕು, ಆಮೇಲೆ ಕೈ ಹಾಕಬೇಕು. ಗೂಟ ಆ ಕಡೆ ಇರುವಾಗ ಈ ಕಡೆ ಎಳೆದರೆ ಬೆರಳು ಜಜ್ಜಿಹೋಗುತ್ತದೆ. ಇನ್ವರ್ಟರ್ ಮಾಡುವುದೂ ಅದೇ. ವೋಲ್ಟೇಜು, ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಫ್ರೀಕ್ವೆನ್ಸಿ, ಮತ್ತು ಆ ಅಲೆ ಈ ಕ್ಷಣ ಎಲ್ಲಿದೆ ಅನ್ನುವ ಕೋನ, ಈ ಮೂರನ್ನೂ ನೋಡಿಕೊಂಡೇ ಕರೆಂಟು ತಳ್ಳುತ್ತದೆ.

ಈ ನೋಡುವ ಕೆಲಸ ಮಾಡುವ ಭಾಗಕ್ಕೆ ಫೇಸ್ ಲಾಕ್ಡ್ ಲೂಪ್, ಚಿಕ್ಕದಾಗಿ ಪಿಎಲ್‌ಎಲ್ ಎನ್ನುತ್ತಾರೆ. ತೀರಾ ಹಳೆಯ ಪದ್ಧತಿಯಲ್ಲಿ ಅಲೆ ಸೊನ್ನೆ ದಾಟುವ ಕ್ಷಣವನ್ನು ಮಾತ್ರ ಹಿಡಿಯುತ್ತಿದ್ದರು. ಅಲೆಯ ಮೇಲೆ ಸ್ವಲ್ಪ ಗಲೀಜು ಸೇರಿದರೂ ಒಂದು ಸಲದ ಬದಲು ಮೂರು ಸಲ ಸೊನ್ನೆ ದಾಟಿದಂತೆ ಅದಕ್ಕೆ ಕಾಣುತ್ತಿತ್ತು. ಈಗಿನ ಪಿಎಲ್‌ಎಲ್ ತಾನೇ ಒಂದು ಕೋನವನ್ನು ಅಂದಾಜು ಮಾಡುತ್ತದೆ. ಲೈನಿನ ಅಲೆಗೆ ಹೋಲಿಸುತ್ತದೆ. ವ್ಯತ್ಯಾಸ ಇದ್ದರೆ ತನ್ನ ವೇಗವನ್ನು ಸ್ವಲ್ಪ ಏರಿಸಿ ಇಳಿಸಿ ಸರಿ ಮಾಡಿಕೊಳ್ಳುತ್ತದೆ. ಇದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ.

ಮೂರು ಫೇಸ್ ಇದ್ದರೆ ಇದು ಸುಲಭ. ಮೂರೂ ಅಲೆ ಸೇರಿ ಗಡಿಯಾರದಲ್ಲಿರುವಂಥ ಒಂದು ತಿರುಗುವ ಮುಳ್ಳಾಗುತ್ತದೆ. ಲೆಕ್ಕದಲ್ಲಿ ನಾವೂ ಅದೇ ವೇಗದಲ್ಲಿ ತಿರುಗುವ ರಾಟೆಯ ಮೇಲೆ ಕೂತುಬಿಟ್ಟರೆ ಮುಳ್ಳು ನಿಂತಂತೆ ಕಾಣುತ್ತದೆ. ಅದು ಅತ್ತಿತ್ತ ಜರುಗಿದರೆ ನಮ್ಮ ವೇಗ ತಪ್ಪಿದೆ ಎಂದು ಅರ್ಥ. ಸಿಂಗಲ್ ಫೇಸಿನಲ್ಲಿ ಇರುವುದು ಒಂದೇ ಅಲೆ, ತಿರುಗುವ ಮುಳ್ಳಿಲ್ಲ. ಅದಕ್ಕೆ 90 ಡಿಗ್ರಿ ಹಿಂದಿರುವ ಇನ್ನೊಂದು ನಕಲಿ ಅಲೆಯನ್ನು ಇನ್ವರ್ಟರ್ ತಾನೇ ಹುಟ್ಟಿಸಿಕೊಳ್ಳುತ್ತದೆ. ಹೀಗೆ ಹುಟ್ಟಿಸುವ ಒಂದು ಜನಪ್ರಿಯ ವಿಧಾನದ ಹೆಸರು ಸೋಗಿ. ಅದು ಇಂಗ್ಲಿಷಿನ ನಾಲ್ಕು ಅಕ್ಷರ ಸೇರಿ ಆದ ಹೆಸರು ನಿಜ. ಆದರೆ ಇಲ್ಲದ ಅಲೆಯ ಸೋಗು ಹಾಕುವ ವಿಧಾನಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೇ ಹೆಸರು ಸಿಗುವುದಿಲ್ಲ ಅಲ್ವಾ?

ಈ ನೋಟಕ್ಕೊಂದು ಗುಣ ಇದೆ. ತುಂಬಾ ಚುರುಕಾಗಿ ಇಟ್ಟರೆ ಲೈನಿನ ಗಲೀಜನ್ನೆಲ್ಲ ನಿಜ ಎಂದು ನಂಬಿ ಕುಣಿಯುತ್ತದೆ. ನಿಧಾನವಾಗಿ ಇಟ್ಟರೆ ನಿಜವಾದ ಬದಲಾವಣೆಗೇ ಹಿಂದೆ ಬೀಳುತ್ತದೆ. ಎರಡರ ನಡುವೆ ಎಲ್ಲಿ ನಿಲ್ಲಿಸಬೇಕು ಅನ್ನುವುದು ತಯಾರಿಸಿದವರ ತೀರ್ಮಾನ. ನಮ್ಮ ಕೈಯಲ್ಲಿ ಅದು ಇರುವುದಿಲ್ಲ. ನಮ್ಮ ಕೈಯಲ್ಲಿರುವುದು ವೈರು, ಜಾಯಿಂಟು, ಸೆಟ್ಟಿಂಗು.

ಮೊದಲ ಸುತ್ತು: ವೋಲ್ಟೇಜು

ಇನ್ವರ್ಟರಿನ ಆ್ಯಪ್‌ನಲ್ಲಿ ಲಾಗ್, ಅಂದರೆ ಯಾವಾಗ ಯಾಕೆ ಬಿಟ್ಟಿತು ಅನ್ನುವ ಪಟ್ಟಿ, ತೆಗೆದೆವು. ಯಜಮಾನರ ಮಗ ಓದಿ ಹೇಳಿದ: ಗ್ರಿಡ್ ಓವರ್ ವೋಲ್ಟೇಜ್, ಗ್ರಿಡ್ ಓವರ್ ವೋಲ್ಟೇಜ್, ದಿನಕ್ಕೆ ಇಪ್ಪತ್ತು ಸಲ. ಅಂದರೆ ಲೈನಿನ ವೋಲ್ಟೇಜು ಮಿತಿ ಮೀರಿದೆ ಎಂದು. ಎಲ್ಲವೂ ಹನ್ನೊಂದರಿಂದ ಮೂರರೊಳಗೆ. ಮೋಡದ ದಿನ ಇಲ್ಲವೇ ಇಲ್ಲ.

ನಿಯಮ ಹೀಗಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದ ಪ್ರಕಾರ ವೋಲ್ಟೇಜು 110 ಶೇಕಡಾ ದಾಟಿದರೆ ಅಥವಾ 80 ಶೇಕಡಾಕ್ಕಿಂತ ಇಳಿದರೆ 2 ಸೆಕೆಂಡಿನೊಳಗೆ ಇನ್ವರ್ಟರ್ ಬಿಡಬೇಕು. 230 ವೋಲ್ಟಿಗೆ ಲೆಕ್ಕ ಹಾಕಿದರೆ ಮೇಲಿನ ಗೆರೆ 253, ಕೆಳಗಿನದು 184. ಫ್ರೀಕ್ವೆನ್ಸಿ 50.5 ಹರ್ಟ್ಸ್ ಮುಟ್ಟಿದರೆ ಅಥವಾ 47.5ರ ಕೆಳಗೆ ಹೋದರೆ 0.2 ಸೆಕೆಂಡಿನೊಳಗೆ ಬಿಡಬೇಕು. ಎಲ್ಲ ಸರಿಯಾಗಿ ಕನಿಷ್ಠ 60 ಸೆಕೆಂಡು ನಿಂತ ಮೇಲೆಯೇ ಮತ್ತೆ ಕೂಡಿಕೊಳ್ಳಬೇಕು.

ಅಂದರೆ 253ಕ್ಕೆ ಬಿಟ್ಟ ಇನ್ವರ್ಟರ್ ಸರಿಯಾಗಿಯೇ ಇದೆ. ಕೇಳಬೇಕಾದ ಪ್ರಶ್ನೆ, 253 ಎಲ್ಲಿಂದ ಬಂತು?

ಇದಕ್ಕೆ ದೊಡ್ಡ ಸಲಕರಣೆ ಬೇಡ. ಟ್ರೂ ಆರ್‌ಎಂಎಸ್ ಮಲ್ಟಿಮೀಟರು, ಕ್ಲ್ಯಾಂಪ್ ಮೀಟರು, ಇಬ್ಬರು ಮನುಷ್ಯರು ಸಾಕು. ಕಡಿಮೆ ಬೆಲೆಯ ಮೀಟರುಗಳು ಅಲೆ ಕೆಟ್ಟಾಗ ಸುಳ್ಳು ಹೇಳುತ್ತವೆ, ಅವು ಬೇಡ. ಅಳೆಯುವುದು ಎಸಿ ಬದಿಯಲ್ಲಿ ಮಾತ್ರ. ಪ್ಯಾನೆಲ್‌ನಿಂದ ಬರುವ ಡಿಸಿ ಬದಿಯಲ್ಲಿ ನೂರಾರು ವೋಲ್ಟು ಇರುತ್ತದೆ. ಎಸಿಯ ಹಾಗೆ ಅದು ಸೊನ್ನೆ ದಾಟುವುದೇ ಇಲ್ಲ, ಹಾಗಾಗಿ ಕಿಡಿ ಹತ್ತಿದರೆ ಆರುವುದಿಲ್ಲ. ಬಿಸಿಲಿರುವಾಗ ಆ ಕನೆಕ್ಟರ್ ಎಳೆಯಲೇಬೇಡಿ.

ಒಳಗಿನ ಮೋಟಾರು, ಪಂಪು ಎಲ್ಲ ಆಫ್ ಮಾಡಿಸಿದೆ. ಇನ್ವರ್ಟರ್ ಕೂಡ ಆಫ್. ಶೆಡ್ಡಿನ ಬೋರ್ಡಿನಲ್ಲಿ 236 ವೋಲ್ಟು, ಮುಂದಿನ ಗೋಡೆಯ ಮೀಟರ್ ಬೋರ್ಡಿನಲ್ಲೂ 236. ಇನ್ವರ್ಟರ್ ಆನ್ ಮಾಡಿ, ಅದು 20 ಆಂಪಿಯರ್ ಕೊಡುವಾಗ ಒಂದೇ ಹೊತ್ತಿಗೆ ಎರಡೂ ಕಡೆ ಓದಿದೆವು. ಮೀಟರ್ ಹತ್ತಿರ 243. ಶೆಡ್ಡಿನಲ್ಲಿ 256. ಓದಿ ಮುಗಿಸುವಷ್ಟರಲ್ಲಿ ಟಕ್ ಎಂದು ಬಿಟ್ಟಿತು.

ಲೆಕ್ಕ ಇಲ್ಲಿಯೇ ಮುಗಿಯಿತು. ಏರಿದ್ದು 20 ವೋಲ್ಟು. ಅದರಲ್ಲಿ ಬೀದಿ ಲೈನಿನ ಪಾಲು 7, ನಮ್ಮದೇ ವೈರಿನ ಪಾಲು 13. ಹೋಗಿ ನೋಡಿದರೆ, ಹಾಕಿದವರು ಹೊಸ ವೈರು ಎಳೆದೇ ಇಲ್ಲ. ಶೆಡ್ಡಿಗೆ ಮೊದಲೇ ಇದ್ದ 4 ಚದರ ಮಿಲಿಮೀಟರ್ ಅಲ್ಯೂಮಿನಿಯಂ ವೈರಿಗೇ ಇನ್ವರ್ಟರ್ ಸೇರಿಸಿದ್ದಾರೆ. 45 ಮೀಟರ್ ಉದ್ದ. ಹೋಗಿ ಬರುವ ದಾರಿ 90 ಮೀಟರ್. ಆ ವೈರಿನ ರೆಸಿಸ್ಟೆನ್ಸು, ಅಂದರೆ ತಡೆ, ಕಿಲೋಮೀಟರಿಗೆ 7.41 ಓಮ್. 90 ಮೀಟರಿಗೆ 0.67 ಓಮ್, 20 ಆಂಪಿಯರಿಗೆ 13 ವೋಲ್ಟು. ಕಾಗದದ ಲೆಕ್ಕ ಮೀಟರಿಗೆ ಸರಿಯಾಗಿ ಕೂತಾಗ ಆಗುವ ಖುಷಿಯೇ ಬೇರೆ.

ಜನ ತಪ್ಪು ತಿಳಿಯುವುದು ಇಲ್ಲೇ. ವೈರು ಸಣ್ಣದಾದರೆ ವೋಲ್ಟೇಜು ಕಡಿಮೆಯಾಗುತ್ತದೆ ಎಂದು ನಮಗೆಲ್ಲ ಗೊತ್ತು. ಪಂಪಿಗೆ ಹಾಗೇ ಆಗುತ್ತದೆ. ಸೋಲಾರಿನಲ್ಲಿ ಕರೆಂಟು ಉಲ್ಟಾ ಹರಿಯುತ್ತದೆ, ಆದ್ದರಿಂದ ಅದೇ ವೈರು ಇನ್ವರ್ಟರ್ ತುದಿಯಲ್ಲಿ ವೋಲ್ಟೇಜನ್ನು ಏರಿಸುತ್ತದೆ. ಬಿಸಿಲು ಜಾಸ್ತಿ, ಕರೆಂಟು ಜಾಸ್ತಿ, ಏರಿಕೆಯೂ ಜಾಸ್ತಿ. ಮೋಡದ ದಿನ ಚೆನ್ನಾಗಿರುತ್ತದೆ ಎಂದು ಯಜಮಾನರು ಹೇಳಿದ ಮೊದಲ ಮಾತಿನಲ್ಲೇ ಉತ್ತರ ಇತ್ತು.

16 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಕೇಬಲ್ ಎಳೆದೆವು. ಕಿಲೋಮೀಟರಿಗೆ 1.91 ಓಮ್, ಅಂದರೆ ನಮ್ಮ ಉದ್ದಕ್ಕೆ ಮೂರೂವರೆ ವೋಲ್ಟು. ಶೆಡ್ಡಿನಲ್ಲಿ ಈಗ 247 ದಾಟುತ್ತಿಲ್ಲ.

ನಿಮ್ಮ ಮನೆಯಲ್ಲಿ ಲೆಕ್ಕ ಉಲ್ಟಾ ಬರಬಹುದು. ಇನ್ವರ್ಟರ್ ಆಫ್ ಇದ್ದಾಗಲೇ ಮೀಟರ್ ಹತ್ತಿರ 247, 248 ಇದ್ದರೆ ನಿಮ್ಮ ವೈರು ದಪ್ಪ ಮಾಡಿ ಪ್ರಯೋಜನವಿಲ್ಲ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರುಗಳು 11 ಸಾವಿರ ವೋಲ್ಟಿನಿಂದ 433ಕ್ಕೆ ಇಳಿಸುವಂಥವು. 433 ಅಂದರೆ ಒಂದು ಫೇಸಿಗೆ 250 ವೋಲ್ಟು. ಲೋಡು ಇಲ್ಲದ ಹೊತ್ತಿನಲ್ಲಿ, ಟ್ರಾನ್ಸ್‌ಫಾರ್ಮರ್ ಪಕ್ಕದ ಮನೆಗೆ 253ರ ಗೆರೆ ಮೂರೇ ವೋಲ್ಟು ದೂರ. ಅಂಥಲ್ಲಿ ಟ್ರಾನ್ಸ್‌ಫಾರ್ಮರಿನ ಟ್ಯಾಪ್, ಅಂದರೆ ಹೊರಬರುವ ವೋಲ್ಟೇಜನ್ನು ಸ್ವಲ್ಪ ಏರಿಸಿ ಇಳಿಸುವ ಜೋಡಣೆ, ಬದಲಿಸಬೇಕು. ಅದು ಸೆಕ್ಷನ್ ಆಫೀಸಿನವರ ಕೆಲಸ. ಒಂದು ವಾರದ ಓದುಗಳನ್ನು ಬರೆದು ಅರ್ಜಿ ಜೊತೆ ಕೊಡಿ. ಸುಮ್ನೆ ಬಾಯಲ್ಲಿ ಹೇಳಿದರೆ ಯಾರೂ ಕಂಬ ಹತ್ತುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಅಪಾಯದ್ದು. ಇನ್ವರ್ಟರ್ ಆಫ್ ಇದ್ದಾಗಲೂ ವೋಲ್ಟೇಜು ಒಮ್ಮೆ 215, ಒಮ್ಮೆ 260 ಎಂದು ಉಯ್ಯಾಲೆಯಾಡುತ್ತಿದ್ದರೆ, ಪಕ್ಕದ ಮನೆಯ ದೀಪ ನಿಮ್ಮದಕ್ಕೆ ವಿರುದ್ಧವಾಗಿ ಮಂಕಾಗಿ ಪ್ರಖರವಾಗುತ್ತಿದ್ದರೆ, ಕಂಬದಲ್ಲಿ ನ್ಯೂಟ್ರಲ್ ಸಡಿಲವಾಗಿದೆ. ಟಿವಿ, ಫ್ರಿಜ್ಜು ಎಲ್ಲ ಆಫ್ ಮಾಡಿ ಲೈನ್‌ಮನ್‌ಗೆ ಫೋನ್ ಮಾಡಿ. ನೀವು ಮುಟ್ಟಬೇಡಿ.

ಕೆಲವರು ಸೆಟ್ಟಿಂಗಿಗೆ ಹೋಗಿ ಮೇಲಿನ ಗೆರೆಯನ್ನು 253ರಿಂದ 275ಕ್ಕೆ ಏರಿಸಿ "ಸರಿಯಾಯ್ತು" ಎನ್ನುತ್ತಾರೆ. ಅದು ಜ್ವರ ಜಾಸ್ತಿ ಅಂತ ಥರ್ಮಾಮೀಟರ್ ಬಿಸಾಡಿದ ಹಾಗೆ. ಆ 270 ವೋಲ್ಟು ನಿಮ್ಮ ಫ್ರಿಜ್ಜಿಗೂ ಹೋಗುತ್ತದೆ. ಬೇಕಾದರೆ ವೋಲ್ಟೇಜು ಏರಿದಂತೆ ಕರೆಂಟನ್ನು ತಾನೇ ತಗ್ಗಿಸುವ ಸೆಟ್ಟಿಂಗು ಹಲವು ಇನ್ವರ್ಟರುಗಳಲ್ಲಿ ಇದೆ, ಅದನ್ನು ಆನ್ ಮಾಡಿಸಬಹುದು. ಪವರ್ ಫ್ಯಾಕ್ಟರ್ ಬದಲಿಸಿ, ಅಂದರೆ ಕರೆಂಟಿನ ಅಲೆಯನ್ನು ವೋಲ್ಟೇಜಿನ ಅಲೆಯಿಂದ ಸ್ವಲ್ಪ ಸರಿಸಿ, ವೋಲ್ಟೇಜು ಇಳಿಸುವ ವಿಧಾನವೂ ಇದೆ. ಅದು ಕೆಲಸ ಮಾಡುವುದು ಲೈನಿನ ರಿಯಾಕ್ಟೆನ್ಸಿನ ಮೇಲೆ, ಅಂದರೆ ಕರೆಂಟು ಏರಿಳಿಯುವುದಕ್ಕೆ ಲೈನು ಒಡ್ಡುವ ತಡೆಯ ಮೇಲೆ. ಆದರೆ ನಮ್ಮ ಬೀದಿಯ ತೆಳು ಲೈನುಗಳಲ್ಲಿ ರಿಯಾಕ್ಟೆನ್ಸಿಗಿಂತ ರೆಸಿಸ್ಟೆನ್ಸೇ ಹೆಚ್ಚು. ಹಾಗಾಗಿ ಅದರಿಂದ ಸಿಗುವ ಲಾಭ ಕಡಿಮೆ.

ಎರಡನೇ ಸುತ್ತು: ಇಲ್ಲದ ಫ್ರೀಕ್ವೆನ್ಸಿ ದೋಷ

ಹತ್ತು ದಿನ ಬಿಟ್ಟು ಮತ್ತೆ ಫೋನು. "ಮತ್ತೆ ಶುರುವಾಯ್ತು. ಆದ್ರೆ ಈ ಸಲ ಬೇರೆ ಹೆಸರು ಬರ್ತಾ ಇದೆ."

ಗ್ರಿಡ್ ಓವರ್ ಫ್ರೀಕ್ವೆನ್ಸಿ. 50.56, 50.61. ದಿನಕ್ಕೆ ಐದಾರು ಸಲ. ಹೊತ್ತಿಗೆ ಲೆಕ್ಕವಿಲ್ಲ, ಬೆಳಿಗ್ಗೆ ಎಂಟಕ್ಕೂ ಬಂದಿದೆ. ಹಳೇ ಲಾಗ್ ಮತ್ತೆ ನೋಡಿದರೆ ಆಗಲೂ ಇತ್ತು. ಇಪ್ಪತ್ತು ವೋಲ್ಟೇಜ್ ಕೋಡುಗಳ ನಡುವೆ ನಾನು ಅದನ್ನು ಗಮನಿಸಿರಲಿಲ್ಲ.

ಫ್ರೀಕ್ವೆನ್ಸಿ ವೋಲ್ಟೇಜಿನ ಹಾಗಲ್ಲ. ವೋಲ್ಟೇಜು ಬೀದಿಗೊಂದು ಥರ ಇರುತ್ತದೆ. ಫ್ರೀಕ್ವೆನ್ಸಿ ದೇಶಕ್ಕೆಲ್ಲ ಒಂದೇ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಸೇರಿದ ಮೇಲೆ, ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ಬೀಸುವ ಕಲ್ಲು ತಿರುಗುತ್ತಿದೆ. ಪಾವಗಡದ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕೂ ಅದಕ್ಕೇ ಕೈ ಹಾಕುತ್ತದೆ, ಶಿಡ್ಲಘಟ್ಟದ ಈ ಶೆಡ್ಡೂ ಅದಕ್ಕೇ. ಹಿಂದೆ ಹಾಗಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಬಂದ ಕರೆಂಟು 25 ಸೈಕಲ್ಲಿನದು, ಅಂದರೆ 25 ಹರ್ಟ್ಸ್. ಆಗ ಒಂದೊಂದು ಕಡೆ ಒಂದೊಂದು ತಾಳ.

ಹಾಗಾಗಿ ಫ್ರೀಕ್ವೆನ್ಸಿ ಕೋಡು ಬಂದರೆ ಮೊದಲ ಪರೀಕ್ಷೆಗೆ ಮೀಟರೇ ಬೇಡ. ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ವೆಬ್‌ಸೈಟಿನಲ್ಲಿ ಆ ಹೊತ್ತಿನ ಫ್ರೀಕ್ವೆನ್ಸಿ ಕಾಣುತ್ತದೆ. ಮಗ ಫೋನಿನಲ್ಲಿ ಅದನ್ನು ತೆರೆದು ಕೂತ. ಇನ್ವರ್ಟರ್ 50.58 ಎಂದು ಬಿಟ್ಟಾಗ ಅಲ್ಲಿ 50.02. ಇಡೀ ದೇಶ ಒಂದು ಹೇಳುತ್ತಿದೆ, ನಮ್ಮ ಶೆಡ್ಡು ಒಂದು ಹೇಳುತ್ತಿದೆ. ಅಂದಮೇಲೆ ಕೆಟ್ಟಿರುವುದು ಫ್ರೀಕ್ವೆನ್ಸಿಯಲ್ಲ, ನೋಟ.

ಅಲ್ಲಿ 50.3 ಎಂದೇ ತೋರಿಸಿ ನಿಮ್ಮ ಇನ್ವರ್ಟರ್ ಬಿಟ್ಟಿದ್ದರೆ ಕಥೆ ಬೇರೆ. ಇನ್ವರ್ಟರ್ ಸೆಟ್ಟಿಂಗಿನಲ್ಲಿ ಆರಿಸಿರುವ ದೇಶ ತಪ್ಪಿದೆಯಾ ನೋಡಿ. ಹಳೇ ಜರ್ಮನ್ ಸೆಟ್ಟಿಂಗಿನಲ್ಲಿ 50.2ಕ್ಕೇ ಬಿಡುವಂತೆ ಇರುತ್ತದೆ. ಡಬ್ಬಿಯಿಂದ ತೆಗೆದು ಹಾಗೇ ಹಾಕಿದರೆ ಇಂಥದು ಆಗುತ್ತದೆ. ಇಂಡಿಯಾ ಎಂದು ಬದಲಿಸಿದರೆ ಮುಗಿಯಿತು. ಇಲ್ಲಿ ಅದು ಸರಿಯಾಗಿಯೇ ಇತ್ತು.

ಶೆಡ್ಡಿನಲ್ಲೇ ಕೂತೆ. ಟೀ ಬಂತು. ಒಲೆ ಮೇಲೆ ಗೂಡು ಬೇಯುತ್ತಿತ್ತು, ಆ ವಾಸನೆ ಅಭ್ಯಾಸ ಇಲ್ಲದವರಿಗೆ ಕಷ್ಟ. ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ಗೋಡೆಯ ಮೇಲಿನ ಪಂಪಿನ ಡಬ್ಬಿಯಲ್ಲಿ ಟಪ್ ಎಂದಿತು, ದೀಪ ಒಮ್ಮೆ ಮಿಣುಕಿತು, ಇನ್ವರ್ಟರ್ ಟಕ್ ಎಂದು ಬಿಟ್ಟಿತು. ಮೇಲಿನ ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಇದೆ. ನೀರು ಇಳಿದಾಗ 2 ಎಚ್‌ಪಿ ಪಂಪು ತಾನೇ ಶುರುವಾಗುತ್ತದೆ. ಗೂಡು ಬೇಯಿಸಲು ನೀರು ಎಷ್ಟು ಖರ್ಚಾಗುತ್ತದೋ ಅಷ್ಟು ಸಲ. ಯಾರೂ ಸ್ವಿಚ್ ಹಾಕುವುದಿಲ್ಲ, ಹಾಗಾಗಿ ಯಾರಿಗೂ ಇದರ ನಂಟು ಹೊಳೆದಿರಲಿಲ್ಲ.

ಈಗ ಪಿಎಲ್‌ಎಲ್‌ಗೆ ಏನು ಕಂಡಿತು ನೋಡೋಣ. ಪಂಪು ಶುರುವಾಗುವಾಗ ಒಂದು ಕ್ಷಣ ಐವತ್ತು ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಆ ಕರೆಂಟು ವೋಲ್ಟೇಜಿಗಿಂತ ಹಿಂದೆ ಇರುತ್ತದೆ. ಅದು ವೈರಿನ ರೆಸಿಸ್ಟೆನ್ಸಿನಲ್ಲಿ ಹರಿದಾಗ ವೋಲ್ಟೇಜು ಕುಸಿಯುವುದಷ್ಟೇ ಅಲ್ಲ, ಅಲೆಯ ಕೋನವೂ ಸ್ವಲ್ಪ ಮುಂದಕ್ಕೆ ಜಿಗಿಯುತ್ತದೆ. ನನ್ನ ಒರಟು ಲೆಕ್ಕದಲ್ಲಿ ಏಳೆಂಟು ಡಿಗ್ರಿ. ಫ್ರೀಕ್ವೆನ್ಸಿ ಅಂದರೆ ಕೋನ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವುದು ತಾನೇ? 8 ಡಿಗ್ರಿ ಜಿಗಿತವನ್ನು 40 ಮಿಲಿಸೆಕೆಂಡಿನಲ್ಲಿ ಹಿಂಬಾಲಿಸಲು ಹೋದರೆ, ಅಷ್ಟು ಹೊತ್ತು 0.55 ಹರ್ಟ್ಸ್ ಜಾಸ್ತಿ ಓಡಬೇಕು. 50.02ಕ್ಕೆ ಅದನ್ನು ಸೇರಿಸಿ. 50.57.

ಬೀಸುವ ಕಲ್ಲಿನ ವೇಗ ಬದಲಾಗಿಲ್ಲ. ಗೂಟ ಸಡಿಲವಾಗಿ ಒಮ್ಮೆ ಕುಲುಕಿತು, ಹಿಡಿದ ಕೈಗೆ ಕಲ್ಲೇ ಜೋರಾದಂತೆ ಅನ್ನಿಸಿತು.

ಆದರೆ ದಪ್ಪ ಕೇಬಲ್ ಹಾಕಿದ ಮೇಲೆ ಈ ಜಿಗಿತ ಕಡಿಮೆಯಾಗಬೇಕಿತ್ತು. ಯಾಕಾಗಲಿಲ್ಲ? ಮತ್ತೆ ಮೀಟರು ಹಿಡಿದೆ. ಈ ಸಲ ಜಾಯಿಂಟಿನಿಂದ ಜಾಯಿಂಟಿಗೆ. 20 ಆಂಪಿಯರ್ ಹರಿಯುವಾಗ ಒಂದೊಂದು ಜೋಡಣೆಯ ಈಚೆ ಆಚೆ ಎಷ್ಟು ವೋಲ್ಟು ಬೀಳುತ್ತದೆ ಎಂದು ಅಳೆಯುವುದು. ಒಳ್ಳೇ ಜಾಯಿಂಟಿನಲ್ಲಿ ಕೆಲವು ಮಿಲಿವೋಲ್ಟು ಇರಬೇಕು. ಶೆಡ್ಡಿನ ಬೋರ್ಡಿನ ನ್ಯೂಟ್ರಲ್ ಲಿಂಕಿನಲ್ಲಿ, ಅಂದರೆ ನ್ಯೂಟ್ರಲ್ ವೈರುಗಳು ಸೇರುವ ಪಟ್ಟಿಯಲ್ಲಿ, 3 ವೋಲ್ಟು ಬಂತು. 3 ವೋಲ್ಟು, 20 ಆಂಪಿಯರು, 60 ವ್ಯಾಟು. ಹಳೇ ಅರವತ್ತು ಕ್ಯಾಂಡಲ್ ಬಲ್ಬಿನಷ್ಟು ಶಾಖ ಒಂದು ಸ್ಕ್ರೂ ಕೆಳಗೆ. ಮುಚ್ಚಳ ತೆಗೆದರೆ ಪ್ಲಾಸ್ಟಿಕ್ ಕಂದಾಗಿತ್ತು.

ಇದು ನಮ್ಮದೇ ಕೆಲಸ. ಹೊಸ ಅಲ್ಯೂಮಿನಿಯಂ ಕೇಬಲನ್ನು ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕದೆ ಹಳೇ ಹಿತ್ತಾಳೆ ಲಿಂಕಿಗೆ ನೇರ ತುರುಕಿ ಬಿಗಿದಿದ್ದೆವು. ಅಂದು ಸಂಜೆಯಾಗಿತ್ತು, ಲಗ್ ಮುಗಿದಿತ್ತು, ನಾಳೆ ಬಂದು ಹಾಕೋಣ ಎಂದಿದ್ದೆ. ಅಲ್ಯೂಮಿನಿಯಂ ಸ್ಕ್ರೂ ಒತ್ತಡಕ್ಕೆ ನಿಧಾನವಾಗಿ ಜರಿಯುತ್ತದೆ, ಮೇಲೆ ಆಕ್ಸೈಡ್ ಪದರ ಬೇರೆ. ಹತ್ತು ದಿನ ಸಾಕಾಯಿತು. ಯಜಮಾನರಿಗೆ ಹೇಳಿದೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಲಿಂಕ್ ಬದಲಿಸಿ, ಅಲ್ಯೂಮಿನಿಯಂನಿಂದ ತಾಮ್ರಕ್ಕೆ ಸೇರಿಸುವ ಲಗ್ ಹಾಕಿ ಕ್ರಿಂಪ್ ಮಾಡಿದೆವು. ಪಂಪಿಗೆ ಮೀಟರ್ ಬೋರ್ಡಿನಿಂದಲೇ ಬೇರೆ ಕೇಬಲ್ ಎಳೆದೆವು, ಇನ್ವರ್ಟರ್ ಜೊತೆ ಹಂಚಿಕೊಳ್ಳುವ ದಾರಿ ಕಡಿಮೆಯಾಗಲಿ ಎಂದು. ಜಿಗಿತ ಸುಮಾರು ನಾಲ್ಕು ಡಿಗ್ರಿಗೆ ಇಳಿಯಿತು, ನೋಟ 50.3 ದಾಟುವುದಿಲ್ಲ. ಇದೂ ಸಾಲದಿದ್ದರೆ ತಯಾರಕರ ಸರ್ವೀಸ್ ಸೆಂಟರಿಗೆ ಕೇಳಿ. ಫ್ರೀಕ್ವೆನ್ಸಿ ಟ್ರಿಪ್ಪಿಗೆ ನಿಯಮವೇ 0.2 ಸೆಕೆಂಡಿನವರೆಗೆ ಸಮಯ ಕೊಟ್ಟಿದೆ. ಹಲವು ಇನ್ವರ್ಟರುಗಳು ಅದಕ್ಕಿಂತ ಅವಸರದಲ್ಲಿ ಬಿಡುತ್ತವೆ. ಗೆರೆಯನ್ನು ಸರಿಸದೆ ಸಮಯವನ್ನು ಮಾತ್ರ ಸರಿ ಮಾಡಲು ಅವರಿಗೆ ಸಾಧ್ಯ.

ಪಂಪು ಇಲ್ಲದ ಮನೆಯಲ್ಲೂ ಇಂಥ ಕೋಡು ಬರುತ್ತದೆ. ಪಕ್ಕದವರ ವೆಲ್ಡಿಂಗ್ ಮಷಿನ್, ಚೋಕ್ (ಅಲೆ ಕೆಡದಂತೆ ತಡೆಯುವ ಸುರುಳಿ) ಇಲ್ಲದ ಮೋಟಾರ್ ಡ್ರೈವು, ಊರ ಕೊನೆಯ ತೆಳು ಲೈನು. ತೀರಾ ತೆಳುವಾದ ಲೈನಿನಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಇನ್ವರ್ಟರ್ ತಳ್ಳಿದ ಕರೆಂಟೇ ತಾನು ನೋಡುತ್ತಿರುವ ಅಲೆಯನ್ನು ಅಲುಗಿಸುತ್ತದೆ, ಅಲುಗಿದ ಅಲೆಗೆ ತಾನೇ ಹೊಂದಿಕೊಳ್ಳಲು ಹೋಗಿ ಮತ್ತಷ್ಟು ಅಲುಗಿಸುತ್ತದೆ. ಹಗುರ ಕಲ್ಲನ್ನು ಬೀಸಲು ಕೂತಂತೆ. ಗುರುತು ಇಷ್ಟು: ಕರೆಂಟು ಅರ್ಧಕ್ಕೆ ಇಳಿಸಿದರೆ ತಾನೇ ಸರಿಯಾಗುತ್ತದೆ, ಪೂರ್ತಿ ಕರೆಂಟು ಕೊಡುವಾಗ ಗುಂಯ್‌ಗುಡುತ್ತದೆ. ಇದಕ್ಕೇ ಈಗ ಲೈನನ್ನು ಹಿಂಬಾಲಿಸುವ ಬದಲು ತಾನೇ ವೋಲ್ಟೇಜು, ಫ್ರೀಕ್ವೆನ್ಸಿ ಹಿಡಿದು ನಿಲ್ಲಿಸುವ ಇನ್ವರ್ಟರುಗಳು ಬರುತ್ತಿವೆ. ಅವು ದೊಡ್ಡ ಬ್ಯಾಟರಿ ಘಟಕಗಳಿಗೆ ಸರಿ. ನಮ್ಮ ಶೆಡ್ಡಿನ ಮಟ್ಟಕ್ಕೆ ದಪ್ಪ ವೈರೇ ಪರಿಹಾರ.

ಮೂರು ವಾರ ಬಿಟ್ಟು ಲಾಗ್ ತರಿಸಿ ನೋಡಿದೆ. ಎರಡೇ ಸಲ ಬಿಟ್ಟಿತ್ತು. ಎರಡೂ ಮಧ್ಯಾಹ್ನ, ಎರಡೂ ಕರೆಂಟು ಹೋದಾಗ. ಯಜಮಾನರಿಗೆ ಅದೂ ಸಮಾಧಾನವಿಲ್ಲ. "ಬಿಸಿಲು ಸುಡ್ತಾ ಇದೆ, ಕರೆಂಟು ಹೋದ್ರೆ ಇದೂ ಯಾಕೆ ಮಲಗಬೇಕು?"

ಕಂಬ ಹತ್ತಿದ ಲೈನ್‌ಮನ್ ಲೈನು ಸತ್ತಿದೆ ಎಂದುಕೊಂಡು ಕೈ ಹಾಕಿರುತ್ತಾನೆ, ಆಗ ನಿಮ್ಮ ಶೆಡ್ಡಿನಿಂದ ಕರೆಂಟು ಹೋದರೆ ಏನಾಗುತ್ತದೆ ಎಂದೆ. 2 ಸೆಕೆಂಡಿನೊಳಗೆ ಬಿಡಲೇಬೇಕೆಂದು ನಿಯಮ ಇರುವುದು ಅದಕ್ಕೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬೀದಿ ಲೈನ್‌ಮನ್ ನಮ್ಮ ತಂಗಿ ಮಗನೇ" ಎಂದರು. ಆಮೇಲೆ ಆ ಮಾತು ಎತ್ತಲಿಲ್ಲ.